ಅತ್ತೆ ಬಂದಾಗಲೆಲ್ಲ ದೇಶ ಸುತ್ತಿದವನು

ರಲೈಜಾಫಿ ಹುಟ್ಟಾ ಸುಳ್ಳುಗಾರನೇನಲ್ಲ. ಅವನಿಗೊಬ್ಬಳು ಅತ್ತೆಯಿದ್ದಳು, ಅಷ್ಟೆ.

ಅತ್ತೆಯ ಹೆಸರು ರಕೇತಕಾ. ಅಲೌತ್ರಾ ಸರೋವರದ ಕಡೆಯವಳು. ಅಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಇಲ್ಲಿ ಅಂಬೂಹಿಮೆನಾ ಊರಿನ ಸಂತೆ ಬಯಲಿನಲ್ಲಿ ಬಾಡಿಗೆ ವ್ಯಾನಿನಿಂದ ಒಂದು ಮೂಟೆ ಹೊಸಕ್ಕಿ, ಒಂದು ಬುಟ್ಟಿ ಒಣಮೀನು ಇಳಿಯುತ್ತಿದ್ದವು. ಅವುಗಳ ಹಿಂದೆಯೇ ರಕೇತಕಾ ಇಳಿದು, ವ್ಯಾನಿನವನು ದಾರಿಯಲ್ಲಿ ಮೂಟೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿಲ್ಲವಷ್ಟೇ ಎಂದು ದಾರ ಎಳೆದು ನೋಡುತ್ತಿದ್ದಳು. ಮಗಳ ಮನೆಗೆ ಬಂದ ಮೇಲೂ ಅಷ್ಟೆ. ಅನ್ನ ಉಣ್ಣುವ ಮೊದಲು ಮೂಸಿ ನೋಡುವಳು. ಬೀಗವನ್ನು ಎರಡು ಸಲ ಜಗ್ಗುವಳು. "ಈ ಬಾಗಿಲು ಹೋದ್ ವರ್ಷ ಇಷ್ಟು ಕಿರ್ ಅಂತಿರ್ಲಿಲ್ಲ. ಯಾರು ಇದನ್ನ ಅಷ್ಟೊಂದು ಸಲ ತೆಗೆದು ಹಾಕೋರು?" ಎಂದು ಕೇಳಿ, ಉತ್ತರಕ್ಕಾಗಿ ಅಳಿಯನ ಮುಖವನ್ನೇ ನೋಡುತ್ತ ಕೂರುವಳು. ಚರ್ಚಿನ ಪಾದ್ರಿ ಕ್ಷಮೆಯ ಬಗ್ಗೆ ಉಪದೇಶ ಮಾಡಿದರೆ, "ಆ ಮನುಷ್ಯ ಏನೋ ಮಾಡಿದಾನೆ" ಎನ್ನುವಳು.

ಮದುವೆಯಾದ ಮೊದಲ ವರ್ಷ ರಲೈಜಾಫಿ ಇದನ್ನೆಲ್ಲ ಸಹಿಸಿಕೊಂಡ. ಎರಡನೆಯ ವರ್ಷ ವ್ಯಾನಿನ ಮೇಲಿಂದ ಆ ಮೂಟೆ ಇಳಿಯುತ್ತಿದ್ದುದನ್ನು ಕಂಡ ಕೂಡಲೇ ಅವನ ಬಾಯಿ ಅವನನ್ನು ಕೇಳದೆಯೇ ಮಾತಾಡಿಬಿಟ್ಟಿತು.

"ಅಯ್ಯೋ, ಎಂಥಾ ಹೊತ್ತಿಗೆ ಬಂದ್ರಿ ಅತ್ತೆಮ್ಮ! ನಾಳೆ ನಾನು ಸಾವಾ ಪ್ರಾಂತಕ್ಕೆ ಹೋಗ್ಬೇಕು. ಅಲ್ಲಿ ವೆನಿಲ್ಲಾ ವ್ಯಾಪಾರಿಗಳ ತಕ್ಕಡಿಗಳೆಲ್ಲ ಕೆಟ್ಟು ಕೂತಿವೆಯಂತೆ."

ಅವನ ಕಸುಬು ತಕ್ಕಡಿ ರಿಪೇರಿ. ಸಂತೆಯ ಮೂಲೆಯಲ್ಲಿ ತಗಡಿನ ಸೂರಿನ ಕೆಳಗೆ ಕೂತು ಊರಿನ ತಕ್ಕಡಿಗಳ ಮುಳ್ಳು ಸರಿಪಡಿಸುತ್ತಿದ್ದವನನ್ನು ಮಡಗಾಸ್ಕರಿನ ಆ ತುದಿಯ ವ್ಯಾಪಾರಿಗಳು ಹುಡುಕಿಕೊಂಡು ಕರೆಸುತ್ತಾರೆಂದರೆ ಹೆಂಡತಿ ಸಹೂಲಿಗೇ ಆಶ್ಚರ್ಯವಾಯಿತು. ಆದರೆ ಗಂಡನ ಕೀರ್ತಿಯನ್ನು ಯಾವ ಹೆಂಡತಿ ಬೇಡವೆನ್ನುತ್ತಾಳೆ? ಕೈಗೆ ಬುತ್ತಿ ಕಟ್ಟಿ ಕಳಿಸಿದಳು.

ರಲೈಜಾಫಿ ಎರಡು ಗುಡ್ಡ ದಾಟಿ, ಜೌಗಿನ ಪಕ್ಕದಲ್ಲಿ ಬಾತುಕೋಳಿ ಸಾಕಿಕೊಂಡಿದ್ದ ಗೆಳೆಯ ಫಿದಿಯ ಗುಡಿಸಲಿಗೆ ಹೋದ. ಅತ್ತೆ ಊರು ಬಿಡುವವರೆಗೆ ಬಾತುಗಳಿಗೆ ತೌಡು ಕಲಸಿದ. ಫಿದಿ ಮಾತು ಕಡಿಮೆಯ ಮನುಷ್ಯ, ಬಾತುಗಳದ್ದು ಜಾಸ್ತಿ. ಹೊತ್ತು ಹೋಗಲೆಂದು ರಲೈಜಾಫಿ ಗೋಡೆಯ ತೂತಿಗೆ ಅಂಟಿಸಿದ್ದ ಹಳೆಯ ಕ್ಯಾಲೆಂಡರಿನ ಚಿತ್ರಗಳನ್ನು ನೋಡುತ್ತ ಮಲಗುತ್ತಿದ್ದ. ಮೆನಾಬೆ ಪ್ರಾಂತದ ಬಾವೊಬಾಬ್ ಮರಗಳ ಸಾಲು, ಸೂಜಿಗಳಂತೆ ನಿಂತ ತ್ಸಿಂಗಿ ಬಂಡೆಗಳು, ಇಸಾಲು ಕಣಿವೆ. ಚಿತ್ರದ ಕೆಳಗಿನ ಅಕ್ಷರಗಳನ್ನು ಅರ್ಧಕ್ಕರ್ಧ ಇಲಿ ತಿಂದಿತ್ತು.

ಊರಿಗೆ ಮರಳಿದ ಮೇಲೆ ಕಥೆ ಹೇಳದೆ ಇರಲಾದೀತೆ? ಸಂಜೆ ನೆರೆಯವರೆಲ್ಲ ಪಾತ್ರೆಯ ತಳದಲ್ಲಿ ಸೀದ ಅನ್ನಕ್ಕೆ ನೀರು ಹಾಕಿ ಕುದಿಸಿಕೊಂಡು ಕುಡಿಯುತ್ತ ಅವನ ಅಂಗಳದಲ್ಲಿ ಕೂತರು.

"ಸಾವಾ ಮುಗಿಸಿ ತ್ಸಿಂಗಿಗೂ ಹೋಗಿದ್ದೆ. ತ್ಸಿಂಗಿ ಅಂದ್ರೆ ಏನು ಅಂತೀರಿ! ಕಲ್ಲೆಲ್ಲ ಸೂಜಿ. ಎಲ್ಲೂ ಕೂರೋ ಹಾಗಿಲ್ಲ. ಅಲ್ಲಿದ್ದಷ್ಟು ದಿನ ನಿಂತ್ಕೊಂಡೇ ಉಂಡೆ, ನಿಂತ್ಕೊಂಡೇ ನಿದ್ದೆ ಮಾಡ್ದೆ."

"ತಕ್ಕಡಿ ಯಾರದ್ದು ಅಲ್ಲಿ? ಕಲ್ಲಿನ ಮೇಲೆ ಸಂತೆ ನಡೆಯುತ್ತಾ?" ಎಂದು ಕೇಳಿದವಳು ಎದುರು ಮನೆಯ ಬಕೂಲಿ. ಸಂತೆಯಲ್ಲಿ ಮೆಣಸು, ಲವಂಗ ಮಾರುವವಳು. ರಲೈಜಾಫಿ ರಿಪೇರಿ ಮಾಡಿದ ಮೇಲೆ ತನ್ನ ತಕ್ಕಡಿ ಗಿರಾಕಿಯ ಕಡೆಗೆ ವಾಲುತ್ತಿದೆ ಎಂಬುದು ಅವಳ ಹಳೆಯ ದೂರು. ಅಲ್ಲಿಯವರೆಗೆ ಅದು ಅವಳ ಕಡೆಗೆ ವಾಲುತ್ತಿತ್ತೆಂಬುದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಹೀಗೆ ಅತ್ತೆ ಬಂದಂತೆಲ್ಲ ಅಳಿಯನ ದೇಶಾಟನೆ ಬೆಳೆಯಿತು. ಒಂದು ವರ್ಷ ದಕ್ಷಿಣದ ಆಂಡ್ರೋಯ್. ಒಂದು ವರ್ಷ ಉತ್ತರದ ದಿಯಾನಾ. ಇನ್ನೊಂದು ವರ್ಷ, ಮೈಮರೆತು, ಅತ್ತೆಯ ಸ್ವಂತ ಅಲೌತ್ರಾಕ್ಕೇ ಹೋಗಿ ಬಂದೆನೆಂದ. ದೇಶದಲ್ಲಿ ಅವನು ತುಳಿಯದ ಪ್ರಾಂತವೇ ಇಲ್ಲವೆಂದು ಊರು ನಂಬಿತು. ಕೇರಿಯ ಯಜಮಾನ ರಬೆಮನಾನನೇ ಸಭೆಗಳಲ್ಲಿ, "ನಮ್ಮ ರಲೈಜಾಫಿಯನ್ನ ಕೇಳಿ, ಅವ್ರು ಕಂಡಿರ್ತಾರೆ" ಎನ್ನುವ ಮಟ್ಟಕ್ಕೆ ಬಂತು. ರಲೈಜಾಫಿಯ ನಡಿಗೆಯೂ ಬದಲಾಯಿತು; ದೂರ ನಡೆದು ದಣಿದವನಂತೆ ಒಂದು ಕಾಲನ್ನು ತುಸು ಎಳೆಯತೊಡಗಿದ.

ಆ ವರ್ಷ ಊರಿನ ಠಾಣೆಗೆ ಹೊಸ ಹವಾಲ್ದಾರ ಬಂದ. ರಝಫಿಂಬೆಲು ಎಂದು ಹೆಸರು. ತೆಳ್ಳಗಿನ ಮೀಸೆ, ದಪ್ಪಗಿನ ಅನುಮಾನ. ಬಂದವನೇ ಸಂತೆಯಲ್ಲಿ ನಿಂತು, ದಕ್ಷಿಣದಲ್ಲಿ ಆಮೆಗಳನ್ನು ಕದ್ದು ಸಾಗಿಸುವವರು, ಉತ್ತರದಲ್ಲಿ ವೆನಿಲ್ಲಾ ಕಳ್ಳರು, ನಡುವೆ ಎತ್ತು ಕಳ್ಳರು ಹೆಚ್ಚಾಗಿದ್ದಾರೆ, ಕಾರಣವಿಲ್ಲದೆ ಪ್ರಾಂತದಿಂದ ಪ್ರಾಂತಕ್ಕೆ ಓಡಾಡುವವರು ಕಂಡರೆ ತಿಳಿಸಿ ಎಂದು ಸಾರಿದ.

ಬಕೂಲಿ ಮೆಣಸು ಅಳೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಸಾರ್, ನಾನೇನೂ ಹೇಳ್ತಿಲ್ಲ. ಆದ್ರೆ ನಮ್ಮೆದುರು ಮನೆಯವ್ರು ಸಾವಾದಿಂದ ಬಂದಾಗ ಅಂಗಿಯೆಲ್ಲ ವೆನಿಲ್ಲಾ ವಾಸನೆ ಅಂತ ಅವ್ರೇ ಹೇಳಿದ್ರು."

"ಹೌದಾ?" ಎಂದ ಹವಾಲ್ದಾರ.

"ಆಂಡ್ರೋಯ್‌ನಿಂದ ಬಂದಾಗ, ಆಮೆ ಎಷ್ಟು ಇದಾವೆ ಅಂದ್ರೆ ಒಂದೆರಡು ಕಮ್ಮಿಯಾದ್ರೆ ಯಾರಿಗೂ ಗೊತ್ತಾಗಲ್ಲ, ಅಂದ್ರು. ನಾನೇನೂ ಹೇಳ್ತಿಲ್ಲ."

"ಇಲ್ಲ ಇಲ್ಲ, ನೀವೇನೂ ಹೇಳ್ತಿಲ್ಲ. ಮುಂದೆ?"

ಏನೂ ಹೇಳದೆಯೇ ಬಕೂಲಿ ಮಧ್ಯಾಹ್ನದ ತನಕ ಹೇಳಿದಳು. ಅಕ್ಕಪಕ್ಕದ ಅಂಗಡಿಯವರೂ ಏನೂ ಹೇಳದೆ ಕೈಜೋಡಿಸಿದರು. ಒಬ್ಬನಿಗೆ ರಲೈಜಾಫಿ ನೀಲಮಣಿ ಸಿಗುವ ಇಹುರೊಂಬೆಯ ಕಡೆ ಹೋಗಿ ಬಂದ ಮೇಲೆ ಹೊಸ ಟೋಪಿ ಹಾಕಿದ್ದು ನೆನಪಾಯಿತು. ಇನ್ನೊಬ್ಬನಿಗೆ ಆ ಎಳೆಯುವ ಕಾಲಿನ ಮೇಲೇ ಅನುಮಾನ: "ಕಾಲಿಗೆ ಏನಾದ್ರೂ ಕಟ್ಕೊಂಡು ತರ್ತಿರ್ಬೇಕು ಸಾರ್."

ಅದೇ ಹೊತ್ತಿಗೆ ಸರಿಯಾಗಿ ರಲೈಜಾಫಿ ಆ ವರ್ಷದ 'ಸೂಫಿಯಾ ಪ್ರಾಂತದ' ಪ್ರವಾಸ ಮುಗಿಸಿ ಮನೆಗೆ ಬಂದ. ಅತ್ತೆ ಹೊರಟು ಹೋಗಿರುತ್ತಾಳೆಂದು ಲೆಕ್ಕ ಹಾಕಿ ಬಂದಿದ್ದ. ಅತ್ತೆ ಹೋಗಿರಲಿಲ್ಲ. ಬಾಗಿಲಲ್ಲೇ ಕೂತಿದ್ದಳು.

"ಬನ್ನಿ ಅಳಿಯಂದಿರೇ," ಎಂದಳು ರಕೇತಕಾ. ಅವಳು ಬಹುವಚನ ಹಚ್ಚಿದಳೆಂದರೆ ಏನೋ ಕಾದಿದೆ ಎಂದರ್ಥ. "ಚೀಲ ಕೊಡಿ. ಬಟ್ಟೆ ಒಗೆಯೋಕೆ ಹಾಕ್ತೀನಿ."

"ಬೇಡ ಅತ್ತೆಮ್ಮ, ನಾನೇ..."

ಚೀಲ ಅಷ್ಟರಲ್ಲಿ ಅವಳ ಮಡಿಲಲ್ಲಿತ್ತು. ಅಂಗಿ ಕೊಡವಿದಳು. ಕಂದು ಬಣ್ಣದ ಗರಿಯೊಂದು ತೇಲಿ ತೇಲಿ ಇಳಿದು, ಅದೇ ತಾನೇ ಅಂಗಳಕ್ಕೆ ಕಾಲಿಟ್ಟಿದ್ದ ಹವಾಲ್ದಾರನ ಬೂಟಿನ ಮೇಲೆ ಕೂತಿತು.

ಹವಾಲ್ದಾರ ಬಗ್ಗಿ ಗರಿಯನ್ನೆತ್ತಿ ಬೆಳಕಿಗೆ ಹಿಡಿದ.

"ಇದು ಯಾವ ಹಕ್ಕಿದು?"

"ಬಾತುಕೋಳಿದು ಸಾರ್," ಎಂದ ರಲೈಜಾಫಿ. ಅವನು ಆ ವರ್ಷವಿಡೀ ಆಡಿದ ಮೊದಲ ನಿಜ ಅದು.

"ಎಲ್ಲಿಂದ ಬರ್ತಿದ್ದೀರಿ ಈಗ?"

ಸಹೂಲಿ ಒಳಗಿನಿಂದ ಹೆಮ್ಮೆಯಿಂದ ಕೂಗಿದಳು: "ಸೂಫಿಯಾದಿಂದ ಸಾರ್! ಅಲ್ಲಿ ದೊಡ್ಡ ದೊಡ್ಡೋರ ತಕ್ಕಡಿಗಳೆಲ್ಲ ಇವ್ರೇ ನೋಡೋದು."

ಹವಾಲ್ದಾರನ ಮೀಸೆ ನೆಟ್ಟಗಾಯಿತು. ಸೂಫಿಯಾದ ಒಂದು ಸರೋವರದಲ್ಲಿ ಇಡೀ ಪ್ರಪಂಚದಲ್ಲಿ ಬೇರೆಲ್ಲೂ ಉಳಿದಿರದ ಒಂದು ಜಾತಿಯ ಕಂದು ಬಾತು ಇದೆಯೆಂದೂ, ಅದನ್ನು ಮುಟ್ಟಿದವರು ಸೀದಾ ಜೈಲಿಗೆಂದೂ ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅಲ್ಲಿ ಹೇಳಿಕೊಟ್ಟದ್ದರಲ್ಲಿ ಅವನಿಗೆ ನೆನಪಿದ್ದುದು ಅದೊಂದೇ.

"ಆ ಬಾತು ಈಗ ಎಲ್ಲಿದೆ?"

"ಅದು... ತಿಂದ್ವಿ ಸಾರ್."

ಅಂಗಳದಲ್ಲಿ ಸೇರಿದ್ದ ಜನ 'ಹಾ' ಎಂದು ಉಸಿರೆಳೆದರು. ಬಕೂಲಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಕೇರಿಯ ಕಚೇರಿಯಲ್ಲಿ ವಿಚಾರಣೆ. ಬೆಂಚು ತುಂಬಿ, ಕಿಟಕಿಯ ಹೊರಗೂ ತಲೆಗಳಿದ್ದವು. ನಿನ್ನೆಯವರೆಗೆ "ಅವ್ರನ್ನ ಕೇಳಿ" ಎನ್ನುತ್ತಿದ್ದ ಯಜಮಾನ ರಬೆಮನಾನ ಇವತ್ತು "ಇವನನ್ನ ಕೇಳಿ" ಎಂದ. ಮುಂದಿನ ಬೆಂಚಿನಲ್ಲಿ ರಕೇತಕಾ ಹೊದಿಕೆಯ ಸೆರಗನ್ನು ಮಂಡಿಗೆ ಸಿಕ್ಕಿಸಿಕೊಂಡು, ಸಂತೆಯಲ್ಲಿ ಕೊಳೆತ ಮೀನನ್ನು ನೋಡುವಂತೆ ಅಳಿಯನನ್ನು ನೋಡುತ್ತ ಕೂತಿದ್ದಳು.

"ಸಾರ್, ನಾನು ಸೂಫಿಯಾಕ್ಕೆ ಹೋಗೇ ಇಲ್ಲ," ಎಂದ ರಲೈಜಾಫಿ. "ಸಾವಾಕ್ಕೂ ಹೋಗಿಲ್ಲ. ಆಂಡ್ರೋಯ್‌ಗೂ ಇಲ್ಲ. ಈ ಊರಿನ ಗುಡ್ಡ ಎರಡು ಬಿಟ್ರೆ ಮೂರನೇದು ನೋಡಿಲ್ಲ."

"ಕಳ್ಳ ಹೇಳೋದೇ ಹಾಗೆ," ಎಂದ ಹವಾಲ್ದಾರ.

"ಮತ್ತೆ ಎಲ್ಲಿದ್ದೆ?" ಎಂದ ಯಜಮಾನ.

"ಫಿದಿ ಹತ್ರ. ಜೌಗಿನ ಪಕ್ಕ. ಬಾತುಗಳ ಜೊತೆ."

"ಯಾಕೆ?"

ರಲೈಜಾಫಿ ಮುಂದಿನ ಬೆಂಚನ್ನೊಮ್ಮೆ ನೋಡಿ, ಚಾವಣಿಯ ತೊಲೆಗಳನ್ನು ಎಣಿಸತೊಡಗಿದ. ಜೈಲಿಗೆ ಒಂದು ಅವಧಿಯಾದರೂ ಇರುತ್ತದೆ ಎಂದು ಅವನು ಆಗ ಯೋಚಿಸುತ್ತಿದ್ದ.

ಫಿದಿಯನ್ನು ಕರೆತರಲು ಆಳು ಹೋದ. ಇಡೀ ಊರಿನಲ್ಲಿ ರಲೈಜಾಫಿಯ ಪರ ಸಾಕ್ಷಿ ಹೇಳಬಲ್ಲವನು ಅವನೊಬ್ಬನೇ. ಆದರೆ ಫಿದಿಗೆ ಸರ್ಕಾರವೆಂದರೆ ಅನುಮಾನ. ಪೊಲೀಸರು ಕರೆಯುತ್ತಿದ್ದಾರೆ, ಬಾತಿನ ವಿಷಯ, ಎಂದಷ್ಟೇ ಆಳು ಹೇಳಿದ್ದರಿಂದ, ಬಾತುಗಳಿಗೆ ಕಂದಾಯ ಹಾಕುತ್ತಾರೆಂದೋ ರೋಗದ ನೆಪದಲ್ಲಿ ಎಲ್ಲವನ್ನೂ ಹೂಳಿಸುತ್ತಾರೆಂದೋ ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದ.

"ಇವರು ನಿನ್ನ ಹತ್ರ ಬಂದು ಇರ್ತಾರಂತೆ, ಹೌದಾ?" ಎಂದು ಹವಾಲ್ದಾರ ಕೇಳಿದ.

ಫಿದಿ ರಲೈಜಾಫಿಯನ್ನು ಮೇಲಿಂದ ಕೆಳಗೆ ನೋಡಿದ. "ಯಾರಿವ್ರು?"

"ಫಿದೀ! ನಾನು ಕಣೋ!"

"ಈ ಮುಖ ನಾನು ನೋಡಿಲ್ಲ ಸಾರ್."

"ನಿನ್ನ ಬಾತುಗಳಿಗೆ ತೌಡು ಕಲಸಿದ್ದು ಯಾರೋ?"

"ಯಾವ ಬಾತು?" ಎಂದ ಫಿದಿ. "ನನ್ನ ಹತ್ರ ಬಾತೇ ಇಲ್ಲ ಸಾರ್. ಬಾತು ಅಂದ್ರೆ ಹೇಗಿರುತ್ತೆ ಅಂತಾನೂ ಗೊತ್ತಿಲ್ಲ." ಅವನ ತಲೆಗೂದಲಲ್ಲಿ ಮೂರು ಪುಕ್ಕಗಳಿದ್ದವು. ಅವನ ಹಿಂದೆಯೇ ಗುಡ್ಡ ಇಳಿದು ಬಂದಿದ್ದ ಬಾತೊಂದು ಕಚೇರಿಯ ಬಾಗಿಲಲ್ಲಿ ನಿಂತು 'ಕ್ವಾಕ್' ಎಂದಿತು. ಫಿದಿ ತಿರುಗಿಯೂ ನೋಡಲಿಲ್ಲ. "ಅದೂ ನನಗೆ ಗುರುತಿಲ್ಲ," ಎಂದ.

ಹವಾಲ್ದಾರ ಆ ಬಾತಿನ ಗರಿಯನ್ನೂ ಕೈಯಲ್ಲಿದ್ದ ಗರಿಯನ್ನೂ ಹೋಲಿಸಿ ನೋಡಬಹುದಿತ್ತು. ಆದರೆ ಬಾತು ಬಿಳಿಯದು. ಫಿದಿಯ ಕಂದು ಬಾತನ್ನು ಅವರಿಬ್ಬರೂ ಸೇರಿ ಕಳೆದ ಭಾನುವಾರವಷ್ಟೇ ಶುಂಠಿ ಹಾಕಿ ಬೇಯಿಸಿದ್ದರು.

"ಸರಿ," ಎಂದ ಹವಾಲ್ದಾರ. "ಎಲ್ಲಿಗೂ ಹೋಗಿಲ್ಲ ಅಂತೀರಿ. ಎಲ್ಲಿಗೂ ಹೋಗದೇ ಇರೋನಿಗೆ ಏನೂ ಗೊತ್ತಿರಬಾರ್ದು. ನಾನು ಕೇಳ್ತೀನಿ. ತ್ಸಿಂಗಿ ಬಂಡೆಗಳ ಬೆಮರಾಹಾ ಯಾವ ಪ್ರಾಂತದಲ್ಲಿದೆ?"

ರಲೈಜಾಫಿಗೆ ಜೀವ ಬಂತು. ತಪ್ಪು ಹೇಳಿದರೆ ಬಿಡುಗಡೆ! ತಪ್ಪು ಹೇಳುವುದು ಅವನಿಗೇನು ಕಷ್ಟವೆ? ಮೆನಾಬೆ ಎಂಬುದು ಸರಿಯುತ್ತರವಿರಬೇಕೆಂದು ಊಹಿಸಿ, ಪಕ್ಕದ ಪ್ರಾಂತದ ಹೆಸರು ಹೇಳಿದ.

"ಮೆಲಾಕಿ."

"ಸರಿಯುತ್ತರ," ಎಂದ ಹವಾಲ್ದಾರ ಗಂಭೀರವಾಗಿ. ಜನ ಗುಸುಗುಸು ಎಂದರು. "ಇಸಾಲು ಕಣಿವೆ?"

ಗೋಡೆಯ ಕ್ಯಾಲೆಂಡರಿನಲ್ಲಿ ಇಸಾಲುವಿನ ಕೆಳಗೆ ಇಲಿ ತಿಂದು ಉಳಿದದ್ದು 'ಇ' ಮಾತ್ರ. ಇ ಅಂದರೆ ಇಸಾಲುವೇ ಇರಬೇಕು, ಪ್ರಾಂತದ ಹೆಸರು ಬೇರೆ ಯಾವುದೋ ಅಕ್ಷರದಿಂದ ಶುರುವಾಗುತ್ತದೆ ಎಂದುಕೊಂಡ. ಹಾಗಾದರೆ ಇ ಇಂದ ಶುರುವಾಗುವ ಪ್ರಾಂತ ಹೇಳಿದರೆ ಖಂಡಿತ ತಪ್ಪು.

"ಇಹುರೊಂಬೆ!"

"ಸರಿಯುತ್ತರ."

"ಅಯ್ಯೋ," ಎಂದ ರಲೈಜಾಫಿ.

"ಬೆತ್ಸಿಬೂಕಾ ನದಿಯ ನೀರಿನ ಬಣ್ಣ?"

ಈ ಸಲ ಅವನು ಯಾವ ಅಪಾಯಕ್ಕೂ ಎಡೆಗೊಡಲಿಲ್ಲ. ಪ್ರಪಂಚದಲ್ಲಿ ಯಾವ ನದಿಗೂ ಇರಲಾರದ ಬಣ್ಣ ಯಾವುದೆಂದು ಚೆನ್ನಾಗಿ ಯೋಚಿಸಿ, ಗೆದ್ದ ಧ್ವನಿಯಲ್ಲಿ ಹೇಳಿದ: "ಕೆಂಪು ಸಾರ್! ಕಡುಗೆಂಪು! ಇಟ್ಟಿಗೆ ಕಲಸಿದ ಹಾಗೆ!"

"ಕಣ್ಣಾರೆ ಕಂಡೋರು ಮಾತ್ರ ಹೀಗೆ ಹೇಳೋಕೆ ಸಾಧ್ಯ," ಎಂದು ಹವಾಲ್ದಾರ ಎದ್ದು ನಿಂತ. "ಜೀಪು ತರಿಸಿ. ಜಿಲ್ಲಾ ಠಾಣೆಗೆ."

ಸಹೂಲಿ ಅಳತೊಡಗಿದಳು. ಆಳು ಬಂದು ರಲೈಜಾಫಿಯ ತೋಳು ಹಿಡಿದ. ತೋಳಿಗೆ ಕೈ ಬಿದ್ದೊಡನೆ ಅವನ ಬಾಯಿ, ಹಿಂದೊಮ್ಮೆ ಮಾಡಿದಂತೆಯೇ, ಅವನನ್ನು ಕೇಳದೆ ತಾನೇ ತೆರೆದುಕೊಂಡಿತು.

"ಅತ್ತೆಗೆ ಹೆದರಿ ಬಚ್ಚಿಟ್ಕೊಂಡಿದ್ದೆ ಸಾರ್! ಪ್ರತಿ ವರ್ಷ! ನಮ್ಮತ್ತೆಗೆ ಹೆದರಿ!"

ಮದುವೆಯಾದ ಗಂಡಸರೆಲ್ಲ ಒಟ್ಟಿಗೆ ನೆಲ ನೋಡಿದರು. ಹಾಗೆ ನೆಲ ನೋಡಿದ್ದನ್ನು ಅವರವರ ಹೆಂಡಂದಿರು ನೋಡಿದರು. ಯಜಮಾನ ರಬೆಮನಾನ ತಾನು ಪ್ರತಿ ಶನಿವಾರ ಮೀನು ಹಿಡಿಯಲು ಹೋಗುವ ವಿಷಯ ಯಾರಾದರೂ ಎತ್ತಿಯಾರೆಂದು ಕೆಮ್ಮಿದ.

ಮೊದಲು ಮಾತಾಡಿದವಳು ಸಹೂಲಿ. ಅವಳ ಅಳು ಗಕ್ಕನೆ ನಿಂತಿತ್ತು. "ದಿಯಾನಾದಲ್ಲಿ ಒಬ್ಬಳನ್ನ ಇಟ್ಕೊಂಡಿದ್ದೀರಿ ಅಂತ ನಾನು ಎಷ್ಟು ವರ್ಷ ಕಣ್ಣೀರು ಹಾಕಿದೀನಿ ಗೊತ್ತೇನ್ರೀ? ಬಾತುಗಳ ಜೊತೆ ಇದ್ರಾ?"

"ಬಾತುಗಳೇ ಕಣೇ. ದೇವರಾಣೆ."

ಆಗ ರಕೇತಕಾ ಎದ್ದಳು. ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಿದರು. ಹವಾಲ್ದಾರನೂ ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟ. ಅವಳು ಬಯ್ಯಲಿಲ್ಲ. ಅಳಿಯನ ಎದುರಿಗೆ ಬಂದು ನಿಂತು, ಬೀಗ ಜಗ್ಗಿ ನೋಡುವವಳಂತೆ ಅವನ ಅಂಗಿಯ ಗುಂಡಿಯನ್ನು ಒಮ್ಮೆ ಜಗ್ಗಿದಳು.

"ಹವಾಲ್ದಾರಪ್ಪ, ನಾನೊಂದು ಪ್ರಶ್ನೆ ಕೇಳ್ಲಾ? ಏನಯ್ಯ, ಒಂದು ವರ್ಷ ನಾನು ಇಲ್ಲಿಗೆ ಬಂದಾಗ ನೀನು ನಮ್ಮ ಅಲೌತ್ರಾಕ್ಕೆ ಹೋಗಿದ್ದೆ ಅಂದಿದ್ದೆ. ನಮ್ಮ ಸರೋವರ ಹೇಗಿದೆ, ಹೇಳು."

ಇದು ಅತ್ತೆಯ ತವರಿನ ಮಾತು. ಹೊಗಳದಿದ್ದರೆ ಹೇಗೆ? ತಾನೀಗ ತಪ್ಪು ಹೇಳಬೇಕೋ ಸರಿ ಹೇಳಬೇಕೋ ಎಂಬುದನ್ನೇ ಮರೆತು ರಲೈಜಾಫಿ ಕೈ ಮುಗಿದ.

"ಆಹಾ ಅತ್ತೆಮ್ಮ, ಆ ನೀಲಿ! ಗಾಜಿನ ಹಾಗೆ ತಿಳಿ ನೀರು. ತಳದಲ್ಲಿರೋ ಬಿಳಿ ಕಲ್ಲು ಕೂಡ ಕಾಣುತ್ತೆ. ದಡದಲ್ಲಿ ತೆಂಗಿನ ಮರಗಳು. ದೂರದಲ್ಲಿ ಒಂದು ತಿಮಿಂಗಿಲ ನೀರು ಚಿಮ್ಮಿಸ್ತಾ ಇತ್ತು."

ಮೊದಲು ನಕ್ಕವನು ಅಲ್ಲಿಂದ ಅಕ್ಕಿ ತರಿಸುತ್ತಿದ್ದ ವ್ಯಾಪಾರಿ. ಆಮೇಲೆ ಇಡೀ ಕಚೇರಿ ನಕ್ಕಿತು. ಅಲೌತ್ರಾದಲ್ಲಿ ಮಂಡಿಯುದ್ದದ ಕೆಸರು, ಆಳೆತ್ತರದ ಜೊಂಡು, ಗುಡ್ಡಗಳಿಂದ ಕೊಚ್ಚಿ ಬಂದ ಕೆಮ್ಮಣ್ಣು. ಅಲ್ಲಿ ದೋಣಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ತಿಮಿಂಗಿಲ ಬಂದರೆ ನಡೆದೇ ಬರಬೇಕು.

ರಕೇತಕಾ ಮಾತ್ರ ನಗಲಿಲ್ಲ. "ಬಿಡಪ್ಪ ಇವನನ್ನ," ಎಂದು ಹವಾಲ್ದಾರನಿಗೆ ಹೇಳಿದಳು. "ಇವನು ಎಲ್ಲಿಗೂ ಹೋಗಿಲ್ಲ. ಕಳ್ಳತನ ಮಾಡೋಕೂ ಮನೆ ಬಿಟ್ಟು ಹೊರಗೆ ಹೋಗ್ಬೇಕಲ್ಲ, ಅಷ್ಟು ಯೋಗ್ಯತೆ ಇವನಿಗಿಲ್ಲ."

ಹವಾಲ್ದಾರ ಬಹಳ ಹೊತ್ತು ಮೀಸೆ ತೀಡಿದ. ಕೊನೆಗೆ ಗರಿಯನ್ನು ಕಿಟಕಿಯಾಚೆ ಬಿಟ್ಟು, ಜೀಪು ಬೇಡವೆಂದ. ಬಕೂಲಿ, "ನಾನು ಮೊದ್ಲಿಂದ್ಲೂ ಏನೂ ಹೇಳ್ಲಿಲ್ಲ" ಎಂದಳು. ತನಗೆ ಬಾತೇ ಗೊತ್ತಿಲ್ಲವೆಂದಿದ್ದ ಫಿದಿ, ಬಾಗಿಲಲ್ಲಿದ್ದ ಬಾತನ್ನು ಹೊದಿಕೆಯೊಳಗೆ ತುರುಕಿಕೊಂಡು ಯಾರಿಗೂ ಕಾಣದಂತೆ ಹೊರಟ. ಹೊದಿಕೆ ಮಾತ್ರ ದಾರಿಯುದ್ದಕ್ಕೂ ಕೂಗುತ್ತಿತ್ತು.

ಮನೆಗೆ ಬಂದು ರಲೈಜಾಫಿ ಮೂಲೆಯಲ್ಲಿ ಕೂತ. ಬಯ್ಗುಳಕ್ಕಾಗಿ ಕಾದ. ರಕೇತಕಾ ಅನ್ನ ಬಡಿಸಿದಳು. ಈ ಸಲ ಮೂಸಿ ನೋಡಲಿಲ್ಲ. ಅವನಿಗೆ ಅದು ಇನ್ನಷ್ಟು ಹೆದರಿಕೆ ಹುಟ್ಟಿಸಿತು.

"ನೀನು ಆ ಬಾವೊಬಾಬ್ ಮರಗಳ ಕಥೆ ಹೇಳಿದ್ದೆಯಂತೆ," ಎಂದಳು. "ಸಹೂಲಿ ಪ್ರತಿ ಸಲ ನನಗೆ ಹೇಳ್ತಿದ್ಲು. ನಾನು ಊರಿಗೆ ಹೋಗಿ ನಮ್ಮೋರಿಗೆಲ್ಲ ಹೇಳ್ತಿದ್ದೆ. ನಮ್ಮಳಿಯ ಕಂಡು ಬಂದಿದಾನೆ ಅಂತ."

ರಲೈಜಾಫಿ ಎತ್ತಿದ ತುತ್ತನ್ನು ತಟ್ಟೆಗೆ ವಾಪಸು ಇಟ್ಟ.

"ನಾನೂ ನೋಡಿರೋದು ಎರಡೇ. ನಮ್ಮ ಕೆಸರು, ನಿಮ್ಮ ಅಡುಗೆಮನೆ." ಅವಳು ಒಣಮೀನಿನ ಒಂದು ತುಂಡನ್ನು ಅವನ ತಟ್ಟೆಗೆ ಹಾಕಿದಳು. "ಈ ವರ್ಷ ಭತ್ತ ಚೆನ್ನಾಗಿ ಬಂದಿದೆ. ಭಾನುವಾರ ಹೊರಡೋಣ. ನೀನು ಹೇಳಿದ್ದನ್ನೆಲ್ಲ ತೋರ್ಸು. ಒಂದೂ ಬಿಡಬಾರ್ದು."

"ಯಾರು ಯಾರು ಅತ್ತೆಮ್ಮ?"

"ನೀನು, ನಾನು. ಸಹೂಲಿ ಬರಲ್ಲ, ಅವಳಿಗೆ ವ್ಯಾನಿನಲ್ಲಿ ವಾಂತಿ."

ಜೀಪು ಹೊರಟು ಹೋಗಿದೆಯೇ ಎಂದು ರಲೈಜಾಫಿ ಬಾಗಿಲ ಕಡೆ ನೋಡಿದ. ಹೊರಟು ಹೋಗಿತ್ತು.

ಹೀಗೆ ರಲೈಜಾಫಿ ಕೊನೆಗೂ ದೇಶ ನೋಡಲು ಹೊರಟ. ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ, ಕೋಳಿ ಬುಟ್ಟಿಗೂ ಅತ್ತೆಗೂ ನಡುವೆ ಸಿಕ್ಕಿಕೊಂಡು, ಪಶ್ಚಿಮಕ್ಕೆ ಇಳಿದ. ದಾರಿಯಲ್ಲಿ ರಕೇತಕಾ ಚಾಲಕನ ಕಣ್ಣನ್ನು ಅನುಮಾನಿಸಿದಳು, ಸೇತುವೆಯ ಹಲಗೆಗಳನ್ನು ಅನುಮಾನಿಸಿದಳು, ಹೋಟೆಲಿನ ಎತ್ತಿನ ಮಾಂಸ ಎತ್ತಿನದೇ ಎಂಬುದನ್ನು ಅನುಮಾನಿಸಿದಳು. ಸೇತುವೆಯ ಬಗ್ಗೆ ಅವಳು ಹೇಳಿದ್ದು ನಿಜವಾಗಿತ್ತು. ಅವರು ವ್ಯಾನು ನಿಲ್ಲಿಸಿ ಇಳಿದು ನಡೆದು ದಾಟಿದರು, ಹಿಂದೆ ಖಾಲಿ ವ್ಯಾನಿನ ಒಂದು ಚಕ್ರ ಹಲಗೆ ಮುರಿದು ಕೆಳಗಿಳಿಯಿತು. ಅಂದಿನಿಂದ ರಲೈಜಾಫಿ ಅತ್ತೆ ಮೂಸಿದ ಮೇಲಷ್ಟೇ ಉಣ್ಣತೊಡಗಿದ.

ಮೆನಾಬೆ ತಲುಪಿದಾಗ ಬಿಸಿಲು ಓರೆಯಾಗಿತ್ತು. ಕೆಂಪು ಮಣ್ಣಿನ ರಸ್ತೆ. ಎರಡೂ ಕಡೆ ಬಾವೊಬಾಬ್ ಮರಗಳು. ರಲೈಜಾಫಿ ಈ ಮರಗಳ ಬಗ್ಗೆ ಊರವರಿಗೆ ಎಷ್ಟೋ ಸಂಜೆ ಹೇಳಿದ್ದ. ಹತ್ತು ಜನ ಕೈ ಕೈ ಹಿಡಿದು ತಬ್ಬಿದ್ದನ್ನೂ, ಕೊಂಬೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದನ್ನೂ ಹೇಳಿದ್ದ. ಈಗ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ. ಕೊಂಬೆಗಳು ಆಕಾಶದಲ್ಲಿದ್ದವು. ಅಲ್ಲಿಗೆ ಬುತ್ತಿಯೇನು, ಅವನು ಹೇಳಿದ ಯಾವ ಸುಳ್ಳೂ ಎಟುಕುವಂತಿರಲಿಲ್ಲ. ಬಾಯಿ ತೆರೆದ, ಜೀವಮಾನದಲ್ಲಿ ಮೊದಲ ಸಲ ಅದರಿಂದ ಏನೂ ಹೊರಡಲಿಲ್ಲ.

"ಯಾಕೋ ಸುಮ್ಮನಾದೆ?" ಎಂದಳು ರಕೇತಕಾ. "ಏನು ಹೂಡ್ತಿದೀಯ?"

"ಏನಿಲ್ಲ ಅತ್ತೆಮ್ಮ. ನೋಡ್ತಿದೀನಿ."

ಅವಳು ನಂಬಲಿಲ್ಲ. ಮರದ ಹಿಂದೆ ಯಾರಾದರೂ ಅವನಿಗಾಗಿ ಕಾದಿದ್ದಾರೆಯೇ ಎಂದು ನೋಡಲು ಹೊದಿಕೆ ಬಿಗಿದುಕೊಂಡು ಬುಡದ ಸುತ್ತ ಹೊರಟಳು. ಮರ ದಪ್ಪದ್ದು, ಮುದುಕಿಯ ಕಾಲು ನಿಧಾನ. ಆ ಬದಿಗೆ ಸರಿದವಳು ಈ ಬದಿಗೆ ಬರಲಿಲ್ಲ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ದೂರದಲ್ಲಿ ಎತ್ತಿನ ಗಾಡಿಯೊಂದು ಧೂಳೆಬ್ಬಿಸುತ್ತ ಹೋಯಿತು. ರಲೈಜಾಫಿ ಎಡಕ್ಕೆ ಬಗ್ಗಿ ನೋಡಿದ, ಬಲಕ್ಕೆ ಬಗ್ಗಿ ನೋಡಿದ.

"ಅತ್ತೆಮ್ಮಾ!" ಎಂದು ಕೂಗಿದ. "ಅತ್ತೆಮ್ಮಾ, ಎಲ್ಲಿದೀರಿ?"

ಮರದ ಆ ಬದಿಯಿಂದ ಧ್ವನಿ ಬಂತು.

"ಯಾಕೆ ಕೇಳ್ತೀಯ? ನಾನು ದೂರ ಇದೀನಿ ಅಂತ ಖಾತ್ರಿ ಮಾಡ್ಕೊಂಡು ಓಡಿಹೋಗೋಕಾ?"